ರೋಮ್ ನಗರವನ್ನು ನೋಡಬೇಕೆನ್ನುವವರಿಗೆ

ಯುರೋಪಿನ ಹಳೆಯ ರಾಜಧಾನಿಗಳನ್ನು ಕಣ್ಣಾರೆ ನೋಡಬೇಕೆಂಬ ಆಸೆ ಒಂದು ಕಾಲಕ್ಕೆ ರಾಜಮಹಾರಾಜರಿಗೂ ದೊಡ್ಡ ಅಧಿಕಾರಿಗಳಿಗೂ ಮೀಸಲಾಗಿತ್ತು. ಈಗ ಹಾಗಿಲ್ಲ. ನಾಲ್ಕೈದು ವರ್ಷ ತಿಂಗಳ ಸಂಬಳದಲ್ಲಿ ಅಷ್ಟಿಷ್ಟು ಎತ್ತಿಟ್ಟು, ಹತ್ತು ದಿನದ ಗಳಿಕೆ ರಜೆ ಕೂಡಿಸಿಕೊಂಡು ಹೊರಡುವ ಗುಮಾಸ್ತರೂ ಕಾರ್ಖಾನೆಯ ಕೆಲಸಗಾರರೂ ಇದ್ದಾರೆ. ಅಂಥವರಿಗೆ ಅಷ್ಟು ಹಣ ಎರಡನೆಯ ಸಲ ಕೂಡುವುದು ಸುಲಭವಲ್ಲ. ಆದುದರಿಂದ ಹೋಗುವುದಾದರೆ ಲೆಕ್ಕ ಹಾಕಿಕೊಂಡು ಹೋಗಬೇಕು. ರೋಮಿನ ಮಟ್ಟಿಗೆ ನಾವು ಹೇಳುವ ಲೆಕ್ಕ ಇಷ್ಟೆ: ಹಣದ ದೊಡ್ಡ ಪಾಲು ಕೈಬಿಡುವುದು ಇಲ್ಲಿಂದ ಹೊರಡುವ ಮೊದಲೇ, ಅಲ್ಲಿ ಕಾಲಿಟ್ಟ ಮೇಲೆ ನೋಡತಕ್ಕದ್ದರಲ್ಲಿ ಬಹುಪಾಲು ಬಿಟ್ಟಿಯಾಗಿಯೇ ದೊರೆಯುತ್ತದೆ. ಎಚ್ಚರವೆಲ್ಲ ಮೊದಲಿನ ಭಾಗದಲ್ಲಿರಬೇಕು.

ಕಾಗದಪತ್ರದ ಮಾತನ್ನೇ ಮೊದಲು ಎತ್ತಿಕೊಳ್ಳೋಣ. ಇಟಲಿಗೆ ಬೇಕಾದದ್ದು ಷೆಂಗೆನ್ ವೀಸಾ. ೨೦೨೪ರ ಜೂನ್ ತಿಂಗಳಿಂದ ಇದರ ಶುಲ್ಕ ವಯಸ್ಕರಿಗೆ ೯೦ ಯೂರೋ. ಅರ್ಜಿ ತೆಗೆದುಕೊಳ್ಳುವ ಕೇಂದ್ರದವರ ಸೇವಾಶುಲ್ಕ ಬೇರೆ. ಅರ್ಜಿ ತಿರಸ್ಕೃತವಾದರೆ ಈ ಹಣ ಮರಳಿ ಬರುವುದಿಲ್ಲ. ಪ್ರಯಾಣಕ್ಕೆ ಆರು ತಿಂಗಳ ಒಳಗೆ, ಹದಿನೈದು ದಿನಗಳಿಗೆ ಮೊದಲು ಅರ್ಜಿ ಕೊಡಬೇಕೆಂಬುದು ನಿಯಮ. ಹದಿನೈದನೆಯ ದಿನದವರೆಗೆ ಕಾದು ಕೂರುವುದು ಜಾಣತನವಲ್ಲ, ಎರಡು ಮೂರು ತಿಂಗಳು ಮೊದಲೇ ಕೊಟ್ಟುಬಿಡುವುದು ಲೇಸು. ಕಡಿಮೆಯೆಂದರೆ ೩೦,೦೦೦ ಯೂರೋ ಮೊತ್ತದ ವೈದ್ಯಕೀಯ ವಿಮೆ, ಬ್ಯಾಂಕಿನ ಖಾತೆಯ ಪಟ್ಟಿ, ಸಂಬಳದ ಚೀಟಿಗಳು, ರಜೆ ಮಂಜೂರಾದ ಪತ್ರ, ತಂಗುವ ಸ್ಥಳದ ವಿವರ, ಇವೆಲ್ಲ ಜೊತೆಗಿರಬೇಕು. ಖಾತೆಯಲ್ಲಿ ನಾಲ್ಕು ದಿನ ಮೊದಲು ಯಾರಿಂದಲೋ ಕೈಗಡ ತಂದು ತುಂಬಿದ ಹಣ ಅಧಿಕಾರಿಗಳ ಕಣ್ಣಿಗೆ ಬೀಳದೆ ಇರುವುದಿಲ್ಲ. ತಿಂಗಳು ತಿಂಗಳು ಸ್ವಲ್ಪ ಸ್ವಲ್ಪವೇ ಬೆಳೆದ ಖಾತೆಗೆ ಹೆಚ್ಚಿನ ಬೆಲೆ.

ಊರು ಬಿಟ್ಟು ಬಂದ ನಮ್ಮಂಥವರು ಇನ್ನೊಂದು ಸಂಗತಿಯನ್ನು ಗಮನಿಸಬೇಕು. ಅರ್ಜಿ ಕೊಡತಕ್ಕದ್ದು ನಾವು ಈಗ ವಾಸವಾಗಿರುವ ಪ್ರಾಂತ್ಯಕ್ಕೆ ಸೇರಿದ ಕಚೇರಿಯ ಮೂಲಕ. ಪಾಸ್‌ಪೋರ್ಟಿನಲ್ಲಿ ಧಾರವಾಡದ ವಿಳಾಸ, ಸಂಬಳ ಮುಂಬಯಿಯಲ್ಲಿ ಎಂಬ ಸ್ಥಿತಿ ನಮ್ಮಲ್ಲಿ ಅನೇಕರದು. ಹಾಗಿದ್ದರೆ ವಾಸಸ್ಥಳಕ್ಕೆ ಏನು ಪುರಾವೆ ಬೇಕೆಂದು ಮೊದಲೇ ವಿಚಾರಿಸಿಕೊಳ್ಳಿ. ವೀಸಾ ಕೈಗೆ ಬರುವ ತನಕ, ರದ್ದು ಮಾಡಿದರೆ ಹಣ ಮರಳದಂಥ ವಿಮಾನದ ಟಿಕೆಟನ್ನು ಎಷ್ಟೇ ಅಗ್ಗವೆಂದರೂ ಕೊಳ್ಳಬೇಡಿ.

ಕಾಲದ ವಿಷಯ ಬೇಗ ಹೇಳಿಬಿಡಬಹುದು. ಜುಲೈ ಆಗಸ್ಟ್ ತಿಂಗಳುಗಳಲ್ಲಿ ಅಲ್ಲಿ ಸುಡುಬಿಸಿಲು. ಆಗಸ್ಟ್ ೧೫ರ ಹಬ್ಬದ ಆಸುಪಾಸಿನಲ್ಲಿ ಊರಿನ ಜನರೇ ಅಂಗಡಿ ಮುಚ್ಚಿ ಸಮುದ್ರತೀರಕ್ಕೆ ಹೋಗಿರುತ್ತಾರೆ. ಮೇ ತಿಂಗಳೂ ಅಕ್ಟೋಬರೂ ಹಿತವಾಗಿರುತ್ತವೆ, ಜನಜಂಗುಳಿಯೂ ಇರುತ್ತದೆ. ನವೆಂಬರಿನಿಂದ ಫೆಬ್ರವರಿಯವರೆಗೆ, ಕ್ರಿಸ್ಮಸಿನ ದಿನಗಳನ್ನು ಬಿಟ್ಟರೆ, ಕೋಣೆಯ ಬಾಡಿಗೆ ಇಳಿದಿರುತ್ತದೆ. ಸ್ವೆಟರು, ಕೊಡೆ ಎರಡೂ ಇದ್ದರೆ ಕೈ ಬಿಗಿಯಿರುವವರಿಗೆ ಅದೇ ಒಳ್ಳೆಯ ಕಾಲ.

ಇನ್ನು ನೋಡುವ ಮಾತು. ರೋಮಿಗೆ ಹೋದವನು ಮೊದಲು ಅರಿಯಬೇಕಾದದ್ದೆಂದರೆ, ಅದು ಒಂದು ಊರಲ್ಲ, ಒಂದರ ಮೇಲೊಂದು ಕಟ್ಟಿದ ಹಲವು ಊರುಗಳು. ನದಿಯ ಪ್ರವಾಹ ತಂದ ಮಣ್ಣು, ಬೆಂಕಿಗೆ ಬಿದ್ದ ಮನೆಗಳ ಅವಶೇಷ, ಹಳೆಯ ಗೋಡೆಯನ್ನೇ ಅಡಿಪಾಯ ಮಾಡಿಕೊಂಡ ಹೊಸ ಗೋಡೆ, ಹೀಗೆ ಎರಡು ಸಾವಿರ ವರ್ಷಗಳಲ್ಲಿ ನೆಲವೇ ಮೇಲಕ್ಕೆ ಏರುತ್ತ ಬಂದಿದೆ. ಇದನ್ನು ಪುಸ್ತಕದಲ್ಲಿ ಓದುವುದಕ್ಕಿಂತ ಸಾನ್ ಕ್ಲೆಮೆಂತೆ ಎಂಬ ಇಗರ್ಜಿಯಲ್ಲಿ ಕಾಲಿನಿಂದಲೇ ತಿಳಿಯಬಹುದು. ಕೊಲೋಸಿಯಮ್ಮಿನಿಂದ ಅಲ್ಲಿಗೆ ನಾಲ್ಕು ಹೆಜ್ಜೆ. ಬೀದಿಯ ಮಟ್ಟದಲ್ಲಿರುವುದು ಹನ್ನೆರಡನೆಯ ಶತಮಾನದ ಇಗರ್ಜಿ, ಎಂದರೆ ಹೆಚ್ಚು ಕಡಿಮೆ ನಮ್ಮ ಬಸವಣ್ಣನವರ ಶತಮಾನದ್ದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಟಿಕೆಟು ಪಡೆದು ಮೆಟ್ಟಿಲಿಳಿದರೆ ಕೆಳಗೆ ನಾಲ್ಕನೆಯ ಶತಮಾನದ ಇಗರ್ಜಿ. ೧೮೫೭ರಲ್ಲಿ ಅಲ್ಲಿನ ಪಾದ್ರಿಯೊಬ್ಬರು ಅಗೆಯಿಸುವ ತನಕ ಅದು ಮಣ್ಣಿನಲ್ಲಿ ಹುದುಗಿಹೋಗಿತ್ತು. ಇನ್ನೂ ಕೆಳಗಿಳಿದರೆ ಒಂದನೆಯ ಶತಮಾನದ ರೋಮನ್ ಕಟ್ಟಡಗಳ ಗೋಡೆಗಳು, ಕಿರಿದಾದ ಓಣಿ, ಮತ್ತು ಮಿತ್ರಸ್ ಎಂಬ ದೇವತೆಯ ಪುಟ್ಟ ಗುಡಿ. ಈ ಹೆಸರಿಗೂ ನಮ್ಮ ಋಗ್ವೇದದ ಮಿತ್ರನ ಹೆಸರಿಗೂ ನಂಟುಂಟು. ಆ ಆಳದಲ್ಲಿ ನಿಂತರೆ ಹಳೆಯ ಕಾಲುವೆಯಲ್ಲಿ ನೀರು ಹರಿಯುವ ಸದ್ದು ಇಂದಿಗೂ ಕೇಳುತ್ತದೆ.

ಅಷ್ಟನ್ನೂ ಖರ್ಚು ಮಾಡಲಾರದವರು ಮೆಟ್ರೋ ಗಾಡಿಯ ಸಾನ್ ಜೊವಾನಿ ನಿಲ್ದಾಣಕ್ಕೆ ಹೋಗಬಹುದು. ೨೦೧೮ರಲ್ಲಿ ತೆರೆದ ಈ ನಿಲ್ದಾಣದಲ್ಲಿ, ಅಗೆಯುವಾಗ ಯಾವ ಯಾವ ಆಳದಲ್ಲಿ ಯಾವ ಯಾವ ಕಾಲದ ವಸ್ತು ಸಿಕ್ಕಿತೆಂಬುದನ್ನು ಇಳಿಯುತ್ತ ಹೋದಂತೆ ಕ್ರಮವಾಗಿ ತೋರಿಸಿದ್ದಾರೆ. ಗಾಡಿಯ ಟಿಕೆಟಿನಲ್ಲೇ ಒಂದು ವಸ್ತುಸಂಗ್ರಹಾಲಯ ಸಿಕ್ಕಂತಾಯಿತು. ಅಷ್ಟು ದೊಡ್ಡ ನಗರದಲ್ಲಿ ಮೆಟ್ರೋ ದಾರಿಗಳು ಏಕೆ ಮೂರೇ ಎಂಬುದಕ್ಕೂ ಉತ್ತರ ಬಹುಮಟ್ಟಿಗೆ ಅಲ್ಲಿಯೇ ಇದೆ: ಗುದ್ದಲಿ ಹಾಕಿದಲ್ಲೆಲ್ಲ ಇತಿಹಾಸ ಏಳುತ್ತದೆ.

ಹಣ ಕೊಟ್ಟು ನೋಡಬೇಕಾದವು ಮೂರು ಎಂದು ಇಟ್ಟುಕೊಳ್ಳಿ. ಮೊದಲನೆಯದು ಕ್ರಿಸ್ತಶಕ ೮೦ರಲ್ಲಿ ತೆರೆದ ಕೊಲೋಸಿಯಮ್. ೧೮ ಯೂರೋ ಟಿಕೆಟಿನಲ್ಲಿ ಪಕ್ಕದ ಫೋರಮ್ ಬಯಲೂ ಪ್ಯಾಲಟೈನ್ ಗುಡ್ಡವೂ ಸೇರಿವೆ. ಟಿಕೆಟಿನ ಮೇಲೆ ಹೆಸರಿರುತ್ತದೆ, ಗುರುತಿನ ಕಾಗದ ಜೊತೆಗಿರಲಿ. ಪ್ಯಾಲಟೈನ್ ಗುಡ್ಡದ ಮೇಲೆ ನಡೆಯುವಾಗ ಕನ್ನಡಿಗರು ಒಂದು ವಿಷಯ ನೆನೆಯಬಹುದು: ಔಗಸ್ಟಸ್, ತೈಬೀರಿಯಸ್ ಎಂಬ ಚಕ್ರವರ್ತಿಗಳು ವಾಸಿಸಿದ್ದು ಅಲ್ಲಿ, ಆ ಕಾಲದ ರೋಮನ್ ಬೆಳ್ಳಿ ನಾಣ್ಯಗಳು ನಮ್ಮ ಚಿತ್ರದುರ್ಗದ ಹತ್ತಿರದ ಚಂದ್ರವಳ್ಳಿಯಲ್ಲಿ ಸಿಕ್ಕಿವೆ. ಎರಡನೆಯದು ಪ್ಯಾಂಥಿಯನ್. ೨೦೨೩ರ ಜುಲೈವರೆಗೆ ಇದು ಬಿಟ್ಟಿಯಾಗಿತ್ತು, ಬಳಿಕ ೫ ಯೂರೋ ಗೊತ್ತುಮಾಡಿದರು. ಕಬ್ಬಿಣದ ಸಲಾಕೆಯಿಲ್ಲದೆ ಬರಿಯ ಕಾಂಕ್ರೀಟಿನಲ್ಲಿ ಎರೆದ ೪೩ ಮೀಟರಿಗೂ ಮೀರಿದ ಅಗಲದ ಗುಮ್ಮಟ ಸುಮಾರು ೧೯೦೦ ವರ್ಷಗಳಿಂದ ನಿಂತಿದೆ. ಆ ಬಗೆಯಲ್ಲಿ ಅದಕ್ಕಿಂತ ದೊಡ್ಡದು ಲೋಕದಲ್ಲಿ ಇನ್ನೂ ಆಗಿಲ್ಲ. ಕಟ್ಟಡದ ಕೆಲಸ ಬಲ್ಲವರು ಅಲ್ಲಿ ಒಂದು ಗಂಟೆ ಕೂರಲಿ. ಮೂರನೆಯದು ವ್ಯಾಟಿಕನ್ ವಸ್ತುಸಂಗ್ರಹಾಲಯ. ೨೦ ಯೂರೋ, ಮೊದಲೇ ಕಾದಿರಿಸಿದರೆ ೫ ಹೆಚ್ಚು. ೧೫೦೮ರಿಂದ ೧೫೧೨ರವರೆಗೆ ಮೈಕೆಲೇಂಜೆಲೊ ಚಿತ್ರಿಸಿದ ಸಿಸ್ಟೈನ್ ಮಂದಿರದ ಮೇಲ್ಛಾವಣಿ ಇರುವುದು ಇದರ ಕೊನೆಯಲ್ಲಿ. ದರಗಳು ಏರುತ್ತಿರುತ್ತವೆ, ಹೊರಡುವ ಮುನ್ನ ನೋಡಿಕೊಳ್ಳಿ.

ತಿಂಗಳ ಮೊದಲನೆಯ ಭಾನುವಾರ ಕೊಲೋಸಿಯಮ್ ಮೊದಲಾದ ಸರ್ಕಾರಿ ಸ್ಥಳಗಳಿಗೆ ಶುಲ್ಕವಿಲ್ಲ. ಕೊನೆಯ ಭಾನುವಾರ ಬೆಳಗ್ಗೆ ವ್ಯಾಟಿಕನ್ ಸಂಗ್ರಹಾಲಯಕ್ಕೂ ಇಲ್ಲ. ಆ ದಿನ ಸಾಲು ಬಹು ಉದ್ದ. ಐದಾರೇ ದಿನ ಇರುವವರು ಅರ್ಧ ದಿನವನ್ನು ಸಾಲಿನಲ್ಲಿ ಕಳೆದು ಇಪ್ಪತ್ತು ಯೂರೋ ಉಳಿಸುವುದು ಲಾಭವೋ ನಷ್ಟವೋ, ಅವರವರೇ ತೂಗಿನೋಡಲಿ. ನಮಗಂತೂ ನಷ್ಟವೆಂದೇ ತೋರುತ್ತದೆ.

ಸಂತ ಪೀಟರನ ಮಹಾಮಂದಿರಕ್ಕೆ ಶುಲ್ಕವಿಲ್ಲ. ಹೆಗಲು, ಮೊಳಕಾಲು ಮುಚ್ಚಿರಬೇಕು, ಅಷ್ಟೆ. ಮೈಕೆಲೇಂಜೆಲೊ ಕಡೆದ ಮೋಸೆಸನ ವಿಗ್ರಹ ಇನ್ನೊಂದು ಇಗರ್ಜಿಯಲ್ಲಿ, ಸಾನ್ ಪಿಯೆತ್ರೊ ಇನ್ ವಿಂಕೊಲಿಯಲ್ಲಿದೆ, ಅದೂ ಬಿಟ್ಟಿ. ಪಿಯಾತ್ಸಾ ನವೋನ ಎಂಬ ಚೌಕದಲ್ಲಿ ಬೆರ್ನಿನಿ ೧೬೫೧ರಲ್ಲಿ ಮುಗಿಸಿದ ನಾಲ್ಕು ನದಿಗಳ ಕಾರಂಜಿಯಿದೆ. ನಾಲ್ಕರಲ್ಲಿ ಒಂದು ನಮ್ಮ ಗಂಗೆ! ನಮಗೆ ತಾಯಿಯಾದ ಗಂಗೆಯನ್ನು ಅವರು ಹುಟ್ಟು ಹಿಡಿದ ಗಡ್ಡದ ಗಂಡಸಾಗಿ ಕಡೆದಿದ್ದಾರೆ. ಕೋಪಿಸಿಕೊಳ್ಳಬೇಕಾಗಿಲ್ಲ, ಅವರ ಸಂಪ್ರದಾಯದಲ್ಲಿ ನದೀದೇವತೆಗಳು ಸಾಮಾನ್ಯವಾಗಿ ಗಂಡಸರೇ.

ಇವೆಲ್ಲ ನಡೆದೇ ನೋಡಬಹುದಾದ ದೂರದಲ್ಲಿವೆ. ಕೊಲೋಸಿಯಮ್ಮಿನಿಂದ ಪ್ಯಾಂಥಿಯನ್‌ಗೆ ಎರಡು ಕಿಲೋಮೀಟರೂ ಇಲ್ಲ. ನೆಲವೆಲ್ಲ ಕಲ್ಲುಹಾಸು, ಆದುದರಿಂದ ಹೊಸ ಜೋಡಿಗಿಂತ ಪಳಗಿದ ಜೋಡು ಮೇಲು. ಬೀದಿಬೀದಿಯಲ್ಲಿ ಎರಕದ ಸಣ್ಣ ನಲ್ಲಿಗಳುಂಟು, ನಗರದಲ್ಲಿ ಸುಮಾರು ೨,೫೦೦ ಎಂದು ಲೆಕ್ಕ. ನೀರು ಕುಡಿಯಲು ಯೋಗ್ಯ, ಹಗಲಿರುಳು ಹರಿಯುತ್ತಿರುತ್ತದೆ. ಕೊಳವೆಯ ಬಾಯಿಯನ್ನು ಬೆರಳಿನಿಂದ ಮುಚ್ಚಿದರೆ ಮೇಲಿನ ತೂತಿನಿಂದ ನೀರು ಚಿಮ್ಮುತ್ತದೆ. ಖಾಲಿ ಸೀಸೆಯೊಂದಿದ್ದರೆ ನೀರಿಗೆ ಕಾಸು ಬೇಡ. ಟೆರ್ಮಿನಿ ನಿಲ್ದಾಣದಿಂದ ಸಂತ ಪೀಟರನ ಕಡೆಗೆ ಹೋಗುವ ೬೪ನೆಯ ಬಸ್ಸು ಕಿಸೆಗಳ್ಳರಿಗೆ ಹೆಸರಾದದ್ದು. ಮುಂಬಯಿಯ ಲೋಕಲ್ ಗಾಡಿಯಲ್ಲಿ ಪಳಗಿದವರಿಗೆ ಇದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

ಊಟಕ್ಕೆ ಸಸ್ಯಾಹಾರಿಗಳು ಹೆದರಬೇಕಾಗಿಲ್ಲ. ತೂಕದ ಲೆಕ್ಕದಲ್ಲಿ ಕತ್ತರಿಸಿ ಮಾರುವ ಪಿಟ್ಸಾ ಅಂಗಡಿಗಳು ಎಲ್ಲೆಲ್ಲೂ ಇವೆ. ಕೈಬೆರಳಿನಿಂದ ಅಳತೆ ತೋರಿಸಿದರೆ ಸಾಕು. ಕಟ್ಟುನಿಟ್ಟಿನವರು ಮಾತ್ರ ತಿಳಿದಿರಲಿ: ಅಲ್ಲಿನ ಹಳೆಯ ಬಗೆಯ ಗಿಣ್ಣಗಳಲ್ಲಿ ಅನೇಕವನ್ನು ಹೆಪ್ಪುಗಟ್ಟಿಸಲು ಕರುವಿನ ಅಥವಾ ಕುರಿಮರಿಯ ಹೊಟ್ಟೆಯಿಂದ ತೆಗೆದ ವಸ್ತು ಬಳಸುತ್ತಾರೆ. ಟೊಮೇಟೊ ಬೆಳ್ಳುಳ್ಳಿಯ ಮಾರಿನಾರಾ ಪಿಟ್ಸಾದಲ್ಲಿ ಗಿಣ್ಣವಿರುವುದಿಲ್ಲ. ಅಕ್ಕಿ, ಬೇಳೆ, ಮೆಣಸಿನಕಾಯಿ ಬೇಕೆಂದರೆ ಟೆರ್ಮಿನಿಯ ಹತ್ತಿರದ ಎಸ್ಕ್ವಿಲಿನೊ ಮಾರುಕಟ್ಟೆಗೆ ಹೋಗಿ. ಕಾಫಿಯನ್ನು ಅಲ್ಲಿಯವರಂತೆ ಕಟ್ಟೆಯ ಮುಂದೆ ನಿಂತೇ ಕುಡಿಯಿರಿ, ಕುರ್ಚಿಯಲ್ಲಿ ಕುಳಿತರೆ ಬೆಲೆ ಹೆಚ್ಚು.

ವಿಮಾನ ನಿಲ್ದಾಣದಿಂದ ಟೆರ್ಮಿನಿಗೆ ನೇರವಾಗಿ ಓಡುವ ಗಾಡಿಗೆ ೧೪ ಯೂರೋ. ನಡುವೆ ನಿಲ್ಲುತ್ತ ತ್ರಾಸ್ತೆವೆರೆ, ಒಸ್ತಿಯೆನ್ಸೆ ಕಡೆಗೆ ಹೋಗುವ ಸಾಮಾನ್ಯ ಗಾಡಿಗೆ ೮. ಕಾಗದದ ಟಿಕೆಟಾದರೆ ಗಾಡಿ ಹತ್ತುವ ಮೊದಲು ಯಂತ್ರದಲ್ಲಿ ಮುದ್ರೆ ಹೊಡೆಸಬೇಕು. ಮುದ್ರೆಯಿಲ್ಲದ ಟಿಕೆಟಿಗೂ ಅಲ್ಲಿ ದಂಡ ಹಾಕುತ್ತಾರೆ.