ಬೋಲ್ಟಿನ ತಲೆಯ ಮೇಲೊಂದು ‘ಎಫ್’

ಹಳೆಯ ಮಿಲಿಟರಿ ಜೀಪು ಬಿಚ್ಚುವವರು ಬೋಲ್ಟುಗಳನ್ನು ಡಬ್ಬಿಗೆ ಎಸೆಯುವ ಮುನ್ನ ಒಮ್ಮೆ ತಲೆ ಒರೆಸಿ ನೋಡಬೇಕು. ಗ್ರೀಸು, ಮಣ್ಣು, ಪದರ ಪದರವಾಗಿ ಬಳಿದ ಬಣ್ಣ ಹೋದಮೇಲೆ ಕೆಲವುಗಳ ಮೇಲೆ ಇಂಗ್ಲಿಷಿನ ‘ಎಫ್’ ಅಕ್ಷರ ಕಾಣುತ್ತದೆ, ಬಳುಕಿಸಿ ಬರೆದದ್ದು. ಜೆ.ಪಿ. ನಗರದ ಗ್ಯಾರೇಜೊಂದರಲ್ಲಿ ಪರಿಚಿತರೊಬ್ಬರು ತಮ್ಮ ಮಾವನ ಕಾಲದ ಜೀಪನ್ನು ಬಿಚ್ಚಿ ಹರಡಿಕೊಂಡಿದ್ದಾಗ ಈ ಅಕ್ಷರ ನನ್ನ ಕಣ್ಣಿಗೆ ಬಿತ್ತು. ಆರ್‌ಸಿ ಪುಸ್ತಕದಲ್ಲಿ ಗಾಡಿಯ ಹೆಸರು ‘ವಿಲ್ಲಿಸ್’ ಎಂದಿತ್ತು. ವಿಲ್ಲಿಸ್ ಗಾಡಿಯ ಬೋಲ್ಟಿಗೆ ಫೋರ್ಡಿನ ಅಕ್ಷರ ಎಲ್ಲಿಂದ ಬಂತು?

ಇದಕ್ಕೆ 1940ರ ಅಮೆರಿಕಕ್ಕೆ ಹೋಗಬೇಕು. ಸೇನೆಗೆ ನಾಲ್ಕೂ ಚಕ್ರ ಎಳೆಯುವ ಪುಟ್ಟ ಗಾಡಿ ತುರ್ತಾಗಿ ಬೇಕಿತ್ತು. ಪೆನ್ಸಿಲ್ವೇನಿಯಾದ ಬ್ಯಾಂಟಮ್ ಎಂಬ ಬಡ ಕಂಪನಿ 49 ದಿನಗಳಲ್ಲಿ ಮಾದರಿ ಕಟ್ಟಿ ಒಪ್ಪಿಸಿತು. ಸೇನೆ ಅದರ ನಕ್ಷೆಯನ್ನು ವಿಲ್ಲಿಸ್‌ಗೂ ಫೋರ್ಡಿಗೂ ತೋರಿಸಿಬಿಟ್ಟಿತು. ಕೊನೆಗೆ ಗೆದ್ದದ್ದು ವಿಲ್ಲಿಸ್. ಒಂದೇ ಕಾರ್ಖಾನೆ ಸಾಲದೆ, ವಿಲ್ಲಿಸ್ ನಕ್ಷೆಯಂತೆಯೇ ಮಾಡಿಕೊಡಿ ಎಂದು ಫೋರ್ಡಿಗೂ ಆರ್ಡರ್ ಹೋಯಿತು. ಫೋರ್ಡಿನ ಗಾಡಿಯ ಹೆಸರು ಜಿಪಿಡಬ್ಲ್ಯೂ, ಅದರ ಕೊನೆಯ ‘ಡಬ್ಲ್ಯೂ’ ಪ್ರತಿಸ್ಪರ್ಧಿ ವಿಲ್ಲಿಸ್‌ನದು. ಹೆನ್ರಿ ಫೋರ್ಡಿನ ಕಂಪನಿಗೆ ಅದು ಎಷ್ಟು ಚುಚ್ಚಿರಬೇಕು!

ಇಬ್ಬರೂ ಮೊದಮೊದಲು ಹಿಂಬದಿಯ ತಗಡಿನ ಮೇಲೆ ತಂತಮ್ಮ ಹೆಸರನ್ನು ದೊಡ್ಡದಾಗಿ ಒತ್ತಿದರು. ಯುದ್ಧದ ಗಾಡಿಯ ಮೇಲೆ ಕಂಪನಿಯ ಜಾಹೀರಾತು ಬೇಡ ಎಂದು 1942ರಲ್ಲಿ ಸೇನೆ ತಡೆಯಿತು. ಹಿಂಬದಿಯ ಹೆಸರು ಹೋಯಿತು, ಬೋಲ್ಟು, ಬ್ರಾಕೆಟ್ಟು, ಹಿಡಿಕೆಗಳ ಮೇಲಿನ ‘ಎಫ್’ ಮಾತ್ರ ಉಳಿದುಕೊಂಡಿತು. ವಿಲ್ಲಿಸ್ ಸುಮಾರು 3.6 ಲಕ್ಷ, ಫೋರ್ಡ್ ಸುಮಾರು 2.77 ಲಕ್ಷ ಜೀಪು ಮಾಡಿದವು. ಒಂದರ ಬಿಡಿಭಾಗ ಇನ್ನೊಂದಕ್ಕೆ ಕೂರಲೇಬೇಕೆಂಬುದು ಸೇನೆಯ ಷರತ್ತು. ಗೊಂದಲ ಶುರುವಾದದ್ದೂ ಅಲ್ಲಿಂದಲೇ.

ಗುರುತು ಹಿಡಿಯುವುದು ಹೇಗೆ? ರೇಡಿಯೇಟರ್ ಕೆಳಗಿನ ಅಡ್ಡಪಟ್ಟಿ ದುಂಡು ಪೈಪಾಗಿದ್ದರೆ ವಿಲ್ಲಿಸ್, ಬೋರಲು ಹಾಕಿದ ‘ಯು’ ಆಕಾರದಲ್ಲಿದ್ದರೆ ಫೋರ್ಡ್. ವಿಲ್ಲಿಸ್ ತನ್ನ ಚಾಸಿ ನಂಬರನ್ನು ಪುಟ್ಟ ತಗಡಿನ ಮೇಲೆ ಒತ್ತಿ, ಮುಂದಿನ ಬಂಪರಿನ ಹಿಂದೆ ಚಾಸಿಯ ಎಡಪಟ್ಟಿಯ ಒಳಮೈಗೆ ರಿವೆಟ್ ಹೊಡೆಯುತ್ತಿತ್ತು. ಫೋರ್ಡ್ ಹಾಗಲ್ಲ, ಎಡಪಟ್ಟಿಯ ನೆತ್ತಿಗೇ, ಮುಂದಿನ ಎಂಜಿನ್ ಮೌಂಟ್ ಹತ್ತಿರ ಪಂಚ್ ಹೊಡೆಯಿತು. ತಗಡು ಉದುರಿಹೋಗುತ್ತದೆ, ಉಕ್ಕಿಗೆ ಹೊಡೆದ ಪಂಚ್ ತುಕ್ಕು ಹಿಡಿದರೂ ಉಳಿಯುತ್ತದೆ. ಕಾರ್ಖಾನೆಯಿಂದ ಬಂದ ಫೋರ್ಡಿನಲ್ಲಿ ಎಂಜಿನ್ ನಂಬರೂ ಚಾಸಿ ನಂಬರೂ ಒಂದೇ. ವಿಲ್ಲಿಸ್‌ನಲ್ಲಿ ಎರಡೂ ಬೇರೆ ಬೇರೆ.

ನಮ್ಮ ಜೀಪಿನ ಅಡ್ಡಪಟ್ಟಿ ‘ಯು’. ಎಡಪಟ್ಟಿಯ ನೆತ್ತಿಯನ್ನು ಸೀಮೆಎಣ್ಣೆಯಲ್ಲಿ ಒರೆಸಿ, ಮೇಲೊಂದು ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿದಾಗ ಮೊದಲು ಮೂಡಿದ್ದು ‘ಜಿ’, ಆಮೇಲೆ ‘ಪಿಡಬ್ಲ್ಯೂ’, ಆಮೇಲೆ ಅಂಕಿಗಳು. ಬೆಂಗಳೂರಿನಲ್ಲಿ ಗಾಡಿ ಇಟ್ಟವರಿಗೆಲ್ಲ ಈ ಪೆನ್ಸಿಲ್ ಪ್ರಿಂಟ್ ಗೊತ್ತು. ಕೆಎ-05ರ ಜಯನಗರವಿರಲಿ, ಬೇರೆ ಯಾವ ಆರ್‌ಟಿಒ ಇರಲಿ, ನೋಂದಣಿಯ 20ನೇ ಫಾರಂಗೆ ಅದು ಬೇಕೇ ಬೇಕು. ಎಂಜಿನ್ನಿನ ಬಲಬದಿಯ ಗುಬಟಿನ ಮೇಲೆ ಉಜ್ಜಿದರೆ ಬಂದದ್ದು ‘ಎಂಬಿ’, ಅಂದರೆ ವಿಲ್ಲಿಸ್‌ನ ಗುರುತು. ಅಲ್ಲಿಗೆ ಚಾಸಿ ಫೋರ್ಡಿನದು, ಎಂಜಿನ್ ವಿಲ್ಲಿಸ್‌ನದು. ಮೈ ಯಾರದು ಎಂದು ಕೇಳಿದರೆ ತಲೆ ಇನ್ನಷ್ಟು ಕೆಡುತ್ತದೆ. 1944ರ ಆರಂಭದಿಂದ ಎರಡೂ ಕಂಪನಿಗಳ ಜೀಪಿಗೆ ಮೈ ಮಾಡಿಕೊಟ್ಟದ್ದು ಇಂಡಿಯಾನಾದ ಅಮೆರಿಕನ್ ಸೆಂಟ್ರಲ್ ಎಂಬ ಮೂರನೆಯವರು. ಅವರ ಮೈಗಳಿಗೆ ಅವರದೇ ನಂಬರು.

ಬಾನೆಟ್ಟಿನ ಪಕ್ಕದಲ್ಲಿ ವಾಟರ್ ಪೇಪರ್ ಹಾಕಿ ನಿಧಾನವಾಗಿ ತಿಕ್ಕಿದಾಗ ಹಸಿರಿನಡಿ ಇನ್ನೊಂದು ಹಸಿರು, ಅದರಡಿ ಬಿಳಿಯ ‘20’ ಕಂಡಿತು. ಅಮೆರಿಕದ ಸೇನೆ ಜೀಪುಗಳಿಗೆ ಕೊಡುತ್ತಿದ್ದ ನಂಬರು ಶುರುವಾಗುತ್ತಿದ್ದದ್ದೇ 20ರಿಂದ, ಮೊದಲು ಮಂಕು ನೀಲಿಯಲ್ಲಿ, ಆಮೇಲೆ ಬಿಳಿಯಲ್ಲಿ. ಕೊನೆಗೊಂದು ‘ಎಸ್’ ಇದ್ದರೆ ರೇಡಿಯೋಗೆ ಅಡ್ಡಿ ಬಾರದಂತೆ ವೈರಿಂಗ್ ಮಾಡಲಾಗಿದೆ ಎಂದರ್ಥ. ಇಲ್ಲಿ ಆ ‘ಎಸ್’ ಇದೆ, ನಡುವಿನ ಅಂಕಿಗಳಿಲ್ಲ. ಹಿಂದೆ ಯಾರೋ ಟಿಂಕರಿಂಗ್ ಮಾಡಿಸುವಾಗ ಗ್ರೈಂಡರ್ ಆಡಿಸಿ, ಪಟ್ಟಿ ಮೆತ್ತಿ ನುಣ್ಣಗೆ ಮಾಡಿದ್ದಾರೆ. ಹೊಳೆಯುವ ಬಣ್ಣಕ್ಕಾಗಿ ಗಾಡಿಯ ಜಾತಕ ಕೆರೆದು ಹಾಕುವ ಈ ಚಾಳಿ ನೋಡಿದರೆ ಮೈ ಉರಿಯುತ್ತದೆ. ಡ್ಯಾಶ್‌ಬೋರ್ಡಿನ ಡಬ್ಬಿಯ ಮುಚ್ಚಳದಲ್ಲಿ ನಂಬರು, ಒಪ್ಪಿಸಿದ ತಾರೀಕು ಹೊತ್ತ ಫಲಕ ಇರಬೇಕಿತ್ತು. ಅದೂ ಇಲ್ಲ. ಹೊಸದಾಗಿ ಅಚ್ಚು ಹಾಕಿದ ಫಲಕ ದುಡ್ಡು ಕೊಟ್ಟರೆ ಸಿಗುತ್ತದೆ, ಬೇಕಾದ ನಂಬರು ಕುಟ್ಟಿಕೊಳ್ಳಬಹುದು!

ನಮ್ಮ ಸೇನೆಯ ನಂಬರು ಬೇರೆಯೇ ಲೆಕ್ಕ: ಮೇಲ್ಮುಖದ ಬಾಣ, ಕೊಂಡ ವರ್ಷದ ಎರಡು ಅಂಕಿ, ಒಂದು ಅಕ್ಷರ, ಸಂಖ್ಯೆ, ಕೊನೆಗೆ ಗಾಡಿಯ ವರ್ಗದ ಅಕ್ಷರ. ಈ ಗಾಡಿಯಲ್ಲಿ ಬಾಣ ಸಿಗಲಿಲ್ಲ. ಆದರೂ ಪರಿಚಿತರ ಮನೆಯಲ್ಲೊಂದು ಕಥೆಯಿದೆ. 1948ರಲ್ಲಿ ಲಂಡನ್ನಿನಲ್ಲಿ ಹೈಕಮಿಷನರ್ ಆಗಿದ್ದ ವಿ.ಕೆ. ಕೃಷ್ಣ ಮೆನನ್ ಸೇನೆಗೆಂದು ಹಳೆಯ ಜೀಪುಗಳ ಒಪ್ಪಂದ ಮಾಡಿಸಿದ್ದರು. ಬಂದದ್ದು 155. ಅವೂ ಕೆಲಸಕ್ಕೆ ಬಾರದವು ಎಂದು ಗಲಾಟೆಯಾಗಿ, 1955ರಲ್ಲಿ ಗೃಹಮಂತ್ರಿ ಗೋವಿಂದ ವಲ್ಲಭ ಪಂತರು ಕಡತ ಮುಚ್ಚಿಸಿದರು. ಮರುವರ್ಷ ಮೆನನ್ನರೇ ಮಂತ್ರಿಯಾದರು. ಆ 155ರಲ್ಲಿ ತಮ್ಮದೂ ಒಂದು ಎಂದು ಮಾವನವರು ನಂಬಿದ್ದರಂತೆ. ಗಾಡಿಯ ಮೇಲಂತೂ ಅದಕ್ಕೆ ಆಧಾರವಿಲ್ಲ. ಯುದ್ಧ ಮುಗಿದಮೇಲೆ ಡಿಸ್ಪೋಸಲ್‌ನಲ್ಲಿ ಬಿಕರಿಯಾಗಿ ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟ ಸೇರಿದ ಜೀಪುಗಳಿಗೇನು ಕಡಿಮೆಯೇ?

ಈಗ ಜಗಳ ಎಂಜಿನ್ನಿನದು. 2021ರ ಕೇಂದ್ರ ನಿಯಮದಂತೆ 50 ವರ್ಷ ದಾಟಿದ ಗಾಡಿಗೆ ‘ವಿಎ’ ಸರಣಿಯ ವಿಂಟೇಜ್ ನಂಬರು ಸಿಗುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಚಾಸಿ, ಮೈ, ಎಂಜಿನ್ ಮೂಲದಂತೆ ಇರಬೇಕು. ಯಾವುದೋ ವರ್ಕ್‌ಶಾಪಿನಲ್ಲಿ ಕೈಗೆ ಸಿಕ್ಕ ಎಂಜಿನ್ ಕೂರಿಸಿದ ಗಾಡಿಗೆ ಮೂಲ ಯಾವುದು? ಫೋರ್ಡ್ ಎಂಜಿನ್ ಒಂದನ್ನು ಗುಜರಿಯಲ್ಲಿ ಹುಡುಕಿ, ಅದರ ನಂಬರು ಉಜ್ಜಿ ಚಾಸಿಗೆ ಹೊಂದುವಂತೆ ಪಂಚ್ ಹೊಡೆಸೋಣ ಎಂದು ಯಾರೋ ಪರಿಚಿತರ ಕಿವಿ ಊದಿದ್ದಾರೆ. ಅದು ಅಪರಾಧ ಎಂದು ನಾನು, ಹೇಗೂ ಎಂಬಿ ಎಂಜಿನ್ ಮಿಲಿಟರಿಯದೇ ಅಲ್ಲವೇ ಎಂದು ಅವರ ಮಗಳು. ಮೇಸ್ತ್ರಿಗೆ ಈ ವಾದವೇ ಬೇಡ. “ಇಷ್ಟೆಲ್ಲ ಯಾಕೆ ಸಾರ್, ಒಂದು ಡೀಸೆಲ್ ಎಂಜಿನ್ ಇಟ್ಟರೆ ಮೈಲೇಜಾದರೂ ಬರುತ್ತಿತ್ತು” ಎನ್ನುತ್ತಾನೆ.