ಸೂಚೀಪತ್ರದ ಖಾಲಿ ಮನೆಗಳು ಮತ್ತು ಸೊನ್ನೆ

ಹಸ್ತಪ್ರತಿಗಳ ವರ್ಣನಾತ್ಮಕ ಸೂಚಿಯನ್ನು ಗಣಕಯಂತ್ರದ ಎಕ್ಸೆಲ್ ಹಾಳೆಗಳಲ್ಲಿ ಸಿದ್ಧಪಡಿಸುವ ವಿದ್ವಾಂಸರು ಒಂದು ಅಂಶವನ್ನು ಅವಶ್ಯವಾಗಿ ಗಮನಿಸಬೇಕು. ‘ಸೆಲ್’ ಎಂದು ಕರೆಯಲ್ಪಡುವ ಮನೆಯೊಂದು ಮೂಲ ಹಾಳೆಯಲ್ಲಿ ಖಾಲಿಯಿದ್ದು, ಇನ್ನೊಂದು ಹಾಳೆಯಿಂದ ಅದಕ್ಕೆ ನೇರವಾಗಿ ಸಂಬಂಧ ಕಲ್ಪಿಸಿದರೆ, ಅಲ್ಲಿ ಸೊನ್ನೆ ಕಾಣಿಸಿಕೊಳ್ಳುವುದು. ‘ತಿಳಿಯದು’ ಎಂಬುದು ‘ಇಲ್ಲ’ ಎಂದಾಗುವುದು ಸಣ್ಣ ದೋಷವಲ್ಲ.

ಮೂರು ಓಲೆಪ್ರತಿಗಳಲ್ಲಿ ಎರಡರ ಗರಿಗಳು ೮೦ ಮತ್ತು ೧೦೦; ಮೂರನೆಯದನ್ನು ಇನ್ನೂ ಎಣಿಸಿಲ್ಲವೆಂದು ಭಾವಿಸೋಣ. ಮೂಲ ಹಾಳೆಯಲ್ಲಿ ಸರಾಸರಿ ೯೦. ಸಂಬಂಧ ಕಲ್ಪಿಸಿದ ಹಾಳೆಯಲ್ಲಿ ೬೦! ಸೊನ್ನೆಗಳನ್ನು ಕಾಣದಂತೆ ಮರೆಮಾಡಿದರೂ ಲೆಕ್ಕದಲ್ಲಿ ಅವು ಉಳಿದೇ ಇರುತ್ತವೆ.

ಇದಕ್ಕೆ ಪರಿಹಾರ ‘ಇಫ್’ ಸೂತ್ರ. ಮೂಲ ಮನೆ ಖಾಲಿಯಿದ್ದರೆ ಎರಡು ಜೋಡಿ ಉದ್ಧರಣ ಚಿಹ್ನೆಗಳಿಂದ ಸೂಚಿಸುವ ಶೂನ್ಯಪಠ್ಯವನ್ನು, ಇಲ್ಲವಾದರೆ ಅಲ್ಲಿರುವುದನ್ನೇ ತೋರಿಸುವಂತೆ ವಿಧಿಸಬೇಕು. ಆಗ ಸರಾಸರಿ ಮರಳಿ ೯೦ ಆಗುವುದು. ಆದರೆ ಅಂಥ ಮನೆ ಕಣ್ಣಿಗೆ ಬರಿದಾಗಿ ತೋರಿದರೂ ಒಳಗೆ ಸೂತ್ರವಿರುವುದರಿಂದ ‘ಕೌಂಟ್‌ಎ’ ಅದನ್ನು ತುಂಬಿದ ಮನೆಯೆಂದೇ ಎಣಿಸುವುದು. ಸಂಖ್ಯೆಯಿರುವ ಮನೆಗಳನ್ನಷ್ಟೇ ಎಣಿಸಲು ‘ಕೌಂಟ್’ ಉಚಿತ.

ತ್ರುಟಿತ ಸ್ಥಳದ ಊಹಾಪಾಠವನ್ನು ಕಂಸದಲ್ಲಿಟ್ಟು ಪ್ರತ್ಯೇಕಿಸುವ ಗ್ರಂಥಸಂಪಾದಕರಿಗೆ ಈ ಎಚ್ಚರ ಹೊಸದೇನೂ ಅಲ್ಲ.