ಮೂತ್ರಪಿಂಡದ ಕ್ಷಯ: ನೆರಳನ್ನು ಓದುವ ಬಗೆ

ಕ್ಷಯವೆಂದೊಡನೆ ನಮಗೆ ನೆನಪಾಗುವುದು ಕೆಮ್ಮು, ಕಫ, ಎದೆಯ ಎಕ್ಸ್‌ರೇ. ಆದರೆ ಈ ರೋಗಾಣು ರಕ್ತದೊಡನೆ ಸಾಗಿ ಮೂತ್ರಪಿಂಡದಲ್ಲಿಯೂ ನೆಲೆಸಬಲ್ಲದು. ಅಲ್ಲಿ ವರ್ಷಾನುಗಟ್ಟಲೆ ಅಡಗಿದ್ದು, ಬಹುಕಾಲದ ನಂತರ ತಲೆಯೆತ್ತಬಲ್ಲದು. ರಾಮನಗರದಲ್ಲಿ ರೇಷ್ಮೆ ನೂಲು ತೆಗೆಯುವವರಾಗಲಿ, ಚನ್ನಪಟ್ಟಣದ ಬೊಂಬೆ ಕೆಲಸಗಾರರಾಗಲಿ, ಕನಕಪುರ, ಮಾಗಡಿಗಳ ರೈತರಾಗಲಿ, ಉರಿಮೂತ್ರವಾದರೆ ‘ಉಷ್ಣ’ವೆಂದು ಎಳನೀರು ಕುಡಿದು ಸುಮ್ಮನಾಗುವುದುಂಟು. ಮಾತ್ರೆ ನುಂಗಿದರೂ ಉರಿ ಮರುಕಳಿಸಿದರೆ, ಮೂತ್ರದಲ್ಲಿ ರಕ್ತ ಕಂಡರೆ, ಕೀವುಕಣಗಳಿದ್ದರೂ ಸಾಮಾನ್ಯ ಕಲ್ಚರ್ ಪರೀಕ್ಷೆಯಲ್ಲಿ ಯಾವ ರೋಗಾಣುವೂ ಬೆಳೆಯದಿದ್ದರೆ, ಕ್ಷಯವನ್ನು ಶಂಕಿಸಲೇಬೇಕು.

1895ರಲ್ಲಿ ರಾಂಟ್‌ಜನ್ ಕಂಡುಹಿಡಿದ ಎಕ್ಸ್‌ಕಿರಣಗಳು ಎಲುಬನ್ನು ತೋರಿಸಿದವು. ಮೂತ್ರಮಾರ್ಗ ಅವುಗಳಿಗೆ ಸ್ಪಷ್ಟವಾಗಿ ಕಾಣಲಿಲ್ಲ. 1929ರಲ್ಲಿ ಬರ್ಲಿನ್ನಿನಲ್ಲಿ ರಕ್ತನಾಳದ ಮೂಲಕ ಔಷಧ ನೀಡಿ, ಅದು ಮೂತ್ರಪಿಂಡದಿಂದ ಹೊರಹೋಗುವಾಗ ಚಿತ್ರ ತೆಗೆಯುವ ಕ್ರಮ ಬಳಕೆಗೆ ಬಂದಿತು. ಇದೇ ಐ.ವಿ.ಪಿ. ಕ್ಷಯ ತಗುಲಿದ ಮೂತ್ರಪಿಂಡದ ಒಳಬಟ್ಟಲುಗಳ ಅಂಚು ಹುಳು ತಿಂದಂತೆ ಕಾಣುವುದನ್ನು ವೈದ್ಯರು ಇದರಲ್ಲಿ ಗುರುತಿಸಿದರು. ಈಗ ಸ್ಕ್ಯಾನಿಂಗ್ ಮೂತ್ರಪಿಂಡದ ಊತವನ್ನು ತೋರಿಸಿದರೆ, ಸಿ.ಟಿ. ಸ್ಕ್ಯಾನ್ ಸುಣ್ಣಗಟ್ಟಿದ ಭಾಗಗಳನ್ನೂ ಮೂತ್ರನಾಳ ಕಿರಿದಾದ ಸ್ಥಳವನ್ನೂ ತೋರಿಸುತ್ತದೆ.

ಬೆಟ್ಟದ ಮೇಲೆ ಹೊಗೆ ಕಂಡರೆ ಬೆಂಕಿಯಿದೆಯೆಂದು ಊಹಿಸುವುದು ತರ್ಕಶಾಸ್ತ್ರದ ಮೊದಲ ಪಾಠ. ಆದರೆ ದೂರದಿಂದ ಕಂಡದ್ದು ಹೊಗೆಯೋ ಮಂಜೋ ಎಂಬುದನ್ನು ಮೊದಲು ನಿರ್ಣಯಿಸಬೇಕು. ಮೂತ್ರಪಿಂಡದ ಊತ ಕಲ್ಲಿನಿಂದಲೂ ಆದೀತು. ರೋಗದ ಆರಂಭದಲ್ಲಿ ಚಿತ್ರ ನಿರ್ದೋಷವಾಗಿಯೂ ಇದ್ದೀತು. ಚಿತ್ರ ತೋರಿಸುವುದು ರೋಗದ ಗಾಯವನ್ನು, ರೋಗಾಣುವನ್ನಲ್ಲ. ಆದ್ದರಿಂದಲೇ ಮೂರರಿಂದ ಐದು ದಿನ ಮುಂಜಾನೆಯ ಮೊದಲ ಮೂತ್ರವನ್ನು ಪರೀಕ್ಷೆಗೆ ಕೇಳುತ್ತಾರೆ. ಕ್ಷಯಾಣುವಿನ ಕಲ್ಚರ್‌ಗೆ ವಾರಗಳೇ ಬೇಕು. ಜೀನ್ ಪರೀಕ್ಷೆಯ ಫಲಿತಾಂಶ ಕೆಲವೇ ಗಂಟೆಗಳಲ್ಲಿ ದೊರೆಯುತ್ತದೆ.

ಇನ್ನೊಂದು ಮಾತು ಹೆಚ್ಚು ಮುಖ್ಯವಾದುದು. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಸರಕಾರಿ ಆಸ್ಪತ್ರೆಗಳಲ್ಲಿ ಔಷಧ ಉಚಿತ. ಕೆಲವೇ ವಾರಗಳಲ್ಲಿ ಉರಿ ಶಮನವಾದಾಗ ‘ವಾಸಿಯಾಯಿತು’ ಎಂದು ಮಾತ್ರೆ ಬಿಡುವವರಿದ್ದಾರೆ. ಮಾತ್ರೆ ತಪ್ಪದೆ ನುಂಗುವವರಿಗೂ ಒಂದು ಅಪಾಯವುಂಟು: ಗಾಯ ಮಾಯುವಾಗ ಉಂಟಾಗುವ ಕಲೆ ಮೂತ್ರನಾಳವನ್ನು ಬಿಗಿಯಬಹುದು. ಆಗ ಮೂತ್ರಪಿಂಡ ನೋವಿಲ್ಲದೆಯೇ ಊದಿಕೊಂಡು ನಿಷ್ಕ್ರಿಯವಾಗಬಹುದು. ಚಿಕಿತ್ಸೆಯ ನಡುವೆ ವೈದ್ಯರು ಮತ್ತೆ ಸ್ಕ್ಯಾನಿಂಗ್‌ಗೆ ಬರೆದುಕೊಡುವುದು ಇದಕ್ಕಾಗಿಯೇ. ಸಕಾಲದಲ್ಲಿ ತಿಳಿದರೆ ನಾಳದೊಳಗೆ ಸ್ಟೆಂಟ್ ಇರಿಸಿ ಮೂತ್ರಪಿಂಡವನ್ನು ಉಳಿಸಿಕೊಳ್ಳುವ ಅವಕಾಶವಿದೆ.

ಒಂದು ದಿನದ ಕೂಲಿ ಹೋಗುವುದೆಂದು, ಬಸ್ ಹಿಡಿದು ಹೋಗಬೇಕೆಂದು ಆ ಎರಡನೆಯ ಸ್ಕ್ಯಾನಿಂಗನ್ನು ಕೈಬಿಡುವವರು ನಮ್ಮ ನೆರೆಹೊರೆಯಲ್ಲಿಯೂ ಇರಬಹುದು. ಅಂಥವರೊಡನೆ ಆಸ್ಪತ್ರೆಗೆ ಹೋಗಿಬರಲು ನಾವು ಒಂದು ದಿನ ಬಿಡುವು ಮಾಡಿಕೊಳ್ಳಬಾರದೇ?